ಹರಿಗೋಲಿನ ನಡುವಿನ ಕಂಬಳಿ

ಕೇಳ್ರಪ್ಪಾ ಕೇಳಿ! ಹೂಂಗುಟ್ಟುವವರು ಮುಂದೆ ಬನ್ನಿ, ತೂಕಡಿಸುವವರು ಗೋಡೆಗೆ ಒರಗಿ. ಹೆಸರಿಲ್ಲದ ಒಂದು ರಾಜ್ಯ, ಆ ರಾಜ್ಯಕ್ಕೊಂದು ಹೊಳೆ. ಎಂಥ ಹೊಳೆ? ಅದನ್ನು ಒಂದೇ ಉಸಿರಿಗೆ ದಾಟಿದ ಗಂಡು ಈ ನಿಮ್ಮ ಮಾವ ಒಬ್ಬನೇ. ಬೇಸಿಗೆಯಲ್ಲಿ, ಅದು ಬತ್ತಿದ್ದಾಗ.

ಈ ದಡದಲ್ಲಿ ಹರಿಗೋಲು ನಡೆಸುವ ಕೆಂಚವ್ವ. ಆ ದಡದಲ್ಲಿ ಅವಳ ತುಂಬುಬಸುರಿ ಮಗಳು ನೀಲವ್ವ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕಲ್ಲ? ಆದರೆ ಸರ್ಕಾರಿ ಹರಿಗೋಲಿನ ನಡುಮಧ್ಯೆ ತೊಗಲು ಹರಿದು ಅಂಗೈಯಗಲ ತೂತು. ಮಳೆಗಾಲ ಬೇರೆ ಹತ್ತಿರ. ಹೊಸದಕ್ಕೆ ಹಣ ಕೊಡಿ ಎಂದು ಕೆಂಚವ್ವ ಅರಮನೆಗೆ ಹೇಳಿಕಳಿಸಿದಳು.

ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! ಶಾನುಭೋಗ, ಪಾರುಪತ್ಯಗಾರ, ಖಜಾಂಚಿ, ಮೂವರೂ ಒಬ್ಬರಾದ ಮೇಲೊಬ್ಬರು ಬಂದು ನೋಡಬೇಕು. ಒಟ್ಟಿಗೆ ಬಂದರೆ ಒಟ್ಟಿಗೆ ಹಣ ನುಂಗಿಯಾರು ಅಂತ ಹಳೆಯ ಕಾನೂನು.

ಅಮಾವಾಸ್ಯೆಗೆ ಶಾನುಭೋಗ ಬಂದ. ದೊಡ್ಡವರನ್ನು ನಡುವೆ ಕಂಬಳಿ ಹಾಸಿ ಕೂರಿಸುವುದು ಆ ಹೊಳೆಯ ಪದ್ಧತಿ. ಕೂತವನ ಭಾರಕ್ಕೆ ತೂತು ಗಪ್ಪನೆ ಮುಚ್ಚಿತು. ದಡದ ಅಂಚಲ್ಲೇ ಒಂದು ಸುತ್ತು ಹಾಕಿಸಿಕೊಂಡು, ನೀರೇ ಬರಲಿಲ್ಲವಲ್ಲ ಅಂದುಬಿಟ್ಟ. ಹುಣ್ಣಿಮೆಗೆ ಪಾರುಪತ್ಯಗಾರ ಬಂದ. ಕೂತ, ಮುಚ್ಚಿತು, ಹೋದ. ಮತ್ತೊಂದು ಅಮಾವಾಸ್ಯೆಗೆ ಖಜಾಂಚಿ. ಅವನ ಗಾತ್ರಕ್ಕೆ ತೂತೇನು, ಹೊಳೆಯೇ ಮುಚ್ಚಬೇಕು.

"ತೂತು ನಿಮ್ಮ ಕೆಳಗೇ ಐತೆ ಬುದ್ಧೀ. ಒಸಿ ಮೇಲೇಳಿ," ಅಂದಳು ಕೆಂಚವ್ವ.

"ಸರ್ಕಾರದ ಮನುಷ್ಯನ್ನ ಎಬ್ಬಿಸ್ತೀಯಾ ನೀನು?"

ಹಣ ಇಲ್ಲ ಅಂತಾಯಿತು. ಬೇಕಿದ್ದರೆ ಮತ್ತೆ ಶಾನುಭೋಗನಿಂದ ಶುರು. ಆ ದಡದಲ್ಲಿ ನೀಲವ್ವ ಸೊಂಟ ಹಿಡಿದು ನಿಂತಿರುವುದು ಇಲ್ಲಿಗೇ ಕಾಣುತ್ತಿತ್ತು. ಕೆಂಚವ್ವ ಸೆರಗು ಬಿಗಿದು ನೇರ ಅರಮನೆಗೆ ನಡೆದಳು. ಮೂವರನ್ನೂ ಒಟ್ಟಿಗೇ ಕಳಿಸಿ ಎಂದು ಕೇಳಿದಳು.

"ಖಜಾನೆಗೆ ಹಾಕಿದ ಬೇಲಿ ಆ ಕಾನೂನು. ಬೇಲಿ ಬೇಡ ಅಂತೀಯಾ?" ಎಂದ ದೊರೆ.

"ಬೇಲಿ ಇರಲಿ ಬುದ್ಧೀ, ಹೊಲದವ ಒಳಕ್ಕೆ ಹೋಗೋಕೆ ದಾರೀನೂ ಇರಲಿ. ಊರೆಲ್ಲ ದಡದಲ್ಲಿ ನಿಂತು ನೋಡಲಿ. ಹೊಸದು ಕಟ್ಟಿದ ಮೇಲೆ ಮೊದಲು ಆ ಮೂವರೇ ನಡುಹೊಳೆ ದಾಟಲಿ. ಆಗ ಯಾರು ನುಂಗ್ತಾರೆ?"

ದೊರೆ ನಕ್ಕ ನಗುವಿಗೆ ಕಿರೀಟ ಮೂಗಿಗೆ ಜಾರಿತು. ಅಂದೇ ಹೊಸ ಕಾನೂನಿನ ಡಂಗುರ: ಜನರ ಎದುರಲ್ಲಿ ಮೂವರೂ ಒಟ್ಟಿಗೇ ನೋಡಬೇಕು, ಹೊತ್ತು ಮುಳುಗುವುದರೊಳಗೆ ಹೂಂ ಅಥವಾ ಊಹೂಂ ಅನ್ನಬೇಕು. ಅರ್ಧ ಹಣ ಆಗಲೇ, ಉಳಿದರ್ಧ ಅವರು ಹೊಸದರಲ್ಲಿ ಹೊಳೆ ದಾಟಿ ಬಂದ ಮೇಲೆ.

ಮೂವರೂ ಬಂದರು. ಕಂಬಳಿ ಮಾತ್ರ ಒಂದೇ! ಒಬ್ಬ ನಡುವೆ ಕೂತರೆ ಇನ್ನಿಬ್ಬರ ಮರ್ಯಾದೆ ಕಡಿಮೆಯಾಗಲಿಲ್ಲವೇ? ಮೂವರೂ ಮುಖ ಊದಿಸಿಕೊಂಡು ಅಂಚಿಗೆ ಕೂತರು. ಹರಿಗೋಲು ದಡ ಬಿಟ್ಟಿತೋ ಇಲ್ಲವೋ, ಕಂಬಳಿ ಹೆಂಚಿನ ಮೇಲಿನ ರೊಟ್ಟಿಯ ಹಾಗೆ ಉಬ್ಬಿತು. ನೀರು ಚಿಮ್ಮಿ ಖಜಾಂಚಿಯ ಮೀಸೆ ತೊಯ್ದಿತು. ಸಂಜೆಗೆ ಅರ್ಧ ಹಣ ಕೆಂಚವ್ವನ ಮಡಿಲಲ್ಲಿತ್ತು.

ಆಮೇಲೆ ಹೊಸದು ಕಟ್ಟುವಾಗ ನೋಡಬೇಕಿತ್ತು ಅವರ ತಪಾಸಣೆ! ಬಿದಿರು ಬಗ್ಗಿಸಿ ನೋಡಿದ್ದೂ ಅವರೇ, ತೊಗಲು ಎಳೆದು ನೋಡಿದ್ದೂ ಅವರೇ, ಹೊಲಿಗೆಗೆ ಕಣ್ಣಿಟ್ಟು ನೋಡಿದ್ದೂ ಅವರೇ. ಮುಳುಗಿದರೆ ಯಾರು ಮುಳುಗಬೇಕು ಹೇಳಿ?

ಹೊಸ ಹರಿಗೋಲು ಮೂವರನ್ನೂ ಹೊತ್ತು ಆ ದಡ ಮುಟ್ಟಿತು. ವಾಪಸು ಬರುವಾಗ ಕಂಬಳಿ ಯಾರಿಗೆಂದು ಜಗಳವೇ ಆಗಲಿಲ್ಲ. ಖಜಾಂಚಿಯೇ ಎದ್ದು ಅದರ ಸುಕ್ಕು ಬಿಡಿಸಿ, "ಇಲ್ಲಿ ಕೂತ್ಕೊಳವ್ವ," ಎಂದು ನೀಲವ್ವನನ್ನು ಕೂರಿಸಿದ.

ಈ ದಡಕ್ಕೆ ಬಂದೊಡನೆ ಕೆಂಚವ್ವ ಮಗಳನ್ನು ಇಳಿಸಿ ಕಂಬಳಿಯ ಮೇಲೆ ಕೈಯಾಡಿಸಿದಳು. ಒಂದು ಹನಿಯೂ ಇಲ್ಲ. ಅಲ್ಲಿಯವರೆಗೆ ಹಿಡಿದಿಟ್ಟ ಉಸಿರು ಆಗ ಬಿಟ್ಟಳು ನೋಡಿ, ಆ ಗಾಳಿಗೆ ಪಾರುಪತ್ಯಗಾರನ ರುಮಾಲು ಮೂರು ಊರು ದಾಟಿತು. ದೀಪ ಹಚ್ಚುವ ಹೊತ್ತಿಗೆ ಹೊರಗೆ ಮೊದಲ ಮಳೆ, ಒಳಗೆ ಕೂಸಿನ ಅಳು.

ಕೂಸು ತವರಲ್ಲಿ, ಕಂಬಳಿ ತೊಟ್ಟಿಲಲ್ಲಿ. ಕತೆ ದಡ ಸೇರಿತು, ಇಳಿಯುವವರು ಇಳಿಯಿರಪ್ಪಾ!