ಆರಿದ ಮೇಲೆ ಹದಿನೇಳು ನಿಮಿಷ

ತಾತ ಅಂಜಿನಮ್ಮನನ್ನು ನೋಡಿಯೇ ಈ ಕತೆ ತೆಗೆದನೋ, ಅಥವಾ ತೆಗೆದ ಮೇಲೆ ಅವಳು ಕಂಬದ ಮರೆಯಲ್ಲಿ ಕೂತಿರುವುದು ಕಣ್ಣಿಗೆ ಬಿದ್ದು, ಈಗ ನಿಲ್ಲಿಸಿದರೆ ಅನುಮಾನ ಬಂದೀತೆಂದು ಮುಂದುವರಿಸಿದನೋ? ನೋಡಿದ್ದರೆ ಯಾಕೆ ಶುರುಮಾಡಬೇಕಿತ್ತು? ನೋಡಿರದಿದ್ದರೆ, ಅವಳ ಗಂಡನ ಹೆಸರು ಬಂದಾಗ ದನಿ ಯಾಕೆ ಇಳಿಯಬೇಕಿತ್ತು? ಎಷ್ಟು ಯೋಚಿಸಿದರೂ ನನಗೆ ಬಗೆಹರಿದಿಲ್ಲ.

ಅವತ್ತು ಸಂಜೆ ಕತ್ತಲಾಗುವ ಮೊದಲೇ ಮಳೆ ಹಿಡಿದು ಕರೆಂಟು ಹೋಗಿತ್ತು. ಜವಳಗಿರಿ ಕಾಡಿನಿಂದ ಮೂರು ಆನೆ ಇಳಿದಿವೆಯೆಂದು ಫೋನಿಗೆ ಸುದ್ದಿ ಬಂದಿದ್ದರಿಂದ, ನಮ್ಮ ಪಡಸಾಲೆಗೆ ಬಂದವರು ಯಾರೂ ಎದ್ದು ಹೋಗುವಂತಿರಲಿಲ್ಲ. ಹೊಸೂರಿನಲ್ಲಿ ಶಿಫ್ಟ್ ಮುಗಿಸಿ ಬಂದು ನಮ್ಮ ಅಂಗಳದಲ್ಲೇ ಬೈಕ್ ನಿಲ್ಲಿಸಿದ್ದ ನಮ್ಮೂರಿನ ಚಿರಂಜೀವಿ, ನನ್ನ ತಂಗಿ ಹರ್ಷಿತಾ, ನಾನು. ಮೊರ ವಾಪಸು ಕೊಡಲು ಬಂದು ಮಳೆಗೆ ಸಿಕ್ಕಿಕೊಂಡ ಅಂಜಿನಮ್ಮ.

ಅಂಜಿನಮ್ಮ ಹೆಚ್ಚು ಮಾತಾಡುವವಳಲ್ಲ. ಹನ್ನೊಂದು ವರ್ಷದ ಹಿಂದೆ ಅವಳ ಗಂಡ ವೆಂಕಟಸ್ವಾಮಿ ಬೋರಿನ ಮೋಟರಿನ ವೈರು ಸರಿಮಾಡುತ್ತಿದ್ದಾಗ ಕರೆಂಟು ಹೊಡೆದು ಸತ್ತ. ಅವನು ಟ್ರಾನ್ಸ್‌ಫಾರ್ಮರಿನ ಫ್ಯೂಜು ಕಿತ್ತಿಟ್ಟು, ಕಾವಲಿಗೆಂದು ಹೆಂಡತಿಯನ್ನು ಅಲ್ಲಿ ನಿಲ್ಲಿಸಿ ಹೋಗಿದ್ದ. ಹನಿ ಬಿತ್ತೆಂದು ಅವಳು ಅಂಗಳದ ರಾಗಿ ಎತ್ತಲು ಮನೆಗೆ ಓಡಿದಳು. ಅಷ್ಟರಲ್ಲಿ ಯಾರೋ ಫ್ಯೂಜು ಹಾಕಿದರು. ಯಾರೆಂದು ಕೊನೆಗೂ ತಿಳಿಯಲಿಲ್ಲ. ಹೆಸರು ಸಿಗದೆ ಹೋದದ್ದರಿಂದ ಊರು ಸಿಕ್ಕವಳನ್ನೇ ಹಿಡಿಯಿತು. ಕಾವಲು ಬಿಟ್ಟು ಹೋದವಳು ಎಂದಿತು. ಅವಳೂ ಅದನ್ನೇ ನಂಬಿದಳು. ಆದರೂ ಎಲ್ಲಾದರೂ ನಾಲ್ಕು ಜನ ಸೇರಿದ ಕಡೆ ಸುಮ್ಮನೆ ಬಂದು ಕೂತು ಕಿವಿಗೊಡುತ್ತಿದ್ದಳು. ಆ ಒಬ್ಬ ಯಾರು ಎನ್ನುವುದು ಎಂದಾದರೂ ಯಾರದಾದರೂ ಬಾಯಿಂದ ಬಿದ್ದೀತೆಂದು ಕಾಯುತ್ತಿದ್ದಾಳೆಂದು ನನಗೆ ಅನಿಸುತ್ತಿತ್ತು.

"ತಾತೋ, ಒಂದು ದೆವ್ವದ ಕತೆ ಹೇಳು," ಎಂದ ಚಿರಂಜೀವಿ. "ಹುಣಸೆಮರ, ಪಾಳುಬಾವಿ, ಅವೆಲ್ಲ ಬ್ಯಾಡ. ಕೇಳಿ ಕೇಳಿ ಸಾಕಾಗೈತೆ."

"ಕಂಪ್ಯೂಟರ್ ದೆವ್ವ ಆದ್ರೆ ಆಯ್ತೇನ್ಲಾ?"

"ಅದು ನಮ್ ಸೂಪರ್‌ವೈಸರು ಕಣ್ ತಾತ. ದಿನಾ ನೋಡ್ತೀನಿ."

ಹರ್ಷಿತಾ ನಕ್ಕಳು. ತಾತ ನಗಲಿಲ್ಲ. ಮೂವತ್ತು ವರ್ಷ ಹೊಸೂರಿನ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ನಿವೃತ್ತಿಯಾದ ಮೇಲೆ ಊರಿನ ಮಿಕ್ಸಿ, ಮೋಟರು, ಟಿ.ವಿ. ಎಲ್ಲಕ್ಕೂ ಕೈಹಾಕುತ್ತಿದ್ದ ನನ್ನ ತಾತ ರಾಮಕೃಷ್ಣಪ್ಪ, ಕಂಬಳಿ ಎಳೆದುಕೊಂಡು ಗೋಡೆಗೆ ಒರಗಿದ.

"ನಗಿ, ನಗಿ... ಮೊದ್ಲು ನಾನೂ ನಕ್ಕೋನೇ. ಹೋದ ವರ್ಷ ಮಾವಿನಕಾಯಿ ಇಳ್ಸೋ ಕಾಲ. ನಮ್ ಪವಿತ್ರ, ಅದೇ, ಅಂಜಿನಮ್ಮನ ಮಗಳು, ಕೃಷ್ಣಗಿರಿ ವಕೀಲರಿಗೆ ಮನೇಲೇ ಕೂತು ತಮಿಳಲ್ಲಿ ಟೈಪ್ ಮಾಡಿ ಕಳಿಸ್ತಾಳಲ್ಲ, ಆ ಹುಡ್ಗಿ ಬಂದು, ದೊಡ್ಡಪ್ಪ, ಕಂಪ್ಯೂಟರು ತಾನಾಗೇ ಆರ್ತೈತೆ, ತಾನಾಗೇ ಹತ್ತತೈತೆ, ಮಾಡಿದ್ದೆಲ್ಲ ಹೊಂಟೋಯ್ತದೆ, ಇನ್ನೊಂದ್ಸಲ ತಡ ಆದ್ರೆ ಬ್ಯಾರೆಯವ್ರಿಗೆ ಕೆಲ್ಸ ಕೊಡ್ತೀನಿ ಅಂದವ್ರೆ ವಕೀಲ್ರು, ವಸಿ ಬಂದು ನೋಡು ಅಂದ್ಳು. ನಾನು ಏನಂದ್ಕಂಡೆ? ಬಿಸಿ ಆಗಿರ್ಬೇಕು ಅಂದ್ಕಂಡೆ. ಇವಾ ಕುಮಾರೇಶನ್ನೂ ಕರ್ಕಂಡ್ ಹೋದೆ."

ಕುಮಾರೇಶ ಅಂದರೆ ನಾನು. ನಾನು ಹೋಗಿದ್ದು ನಿಜ. ಆ ಮೊದಲ ದಿನ ಸ್ಕ್ರೂ ಹಿಡಿದುಕೊಂಡು ನಿಂತಿದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ.

"ಕಾರ್ಖಾನೇಲಿ ನಮ್ಗೆ ಹೇಳ್ಕೊಟ್ಟಿದ್ದು ಒಂದೇ ಪಾಠ ಕಣ್ರೋ. ಒಂದು ಸಲಕ್ಕೆ ಒಂದೇ ಬದ್ಲಾಯ್ಸು. ಎರಡು ಒಟ್ಟಿಗೆ ಬದ್ಲಾಯ್ಸಿದ್ರೆ ರೋಗ ಯಾವ್ದಿತ್ತು, ಮದ್ದು ಯಾವ್ದಾಯ್ತು ಅಂತ ಸಾಯೋಗಂಟ ಗೊತ್ತಾಗಕಿಲ್ಲ. ಮೊದ್ಲು ಫ್ಯಾನ್ ಬಿಚ್ಚಿದೆ. ಹತ್ತಿ ಹಾಸ್ದಂಗೆ ಧೂಳು. ಕ್ಲೀನ್ ಮಾಡಿದೆ, ಹೊಸ ಪೇಸ್ಟ್ ಹಚ್ಚಿದೆ. ಮೂರ್ನೇ ದಿನ ಮತ್ತೆ ಆರ್ತು. ರ‍್ಯಾಮ್ ಕಡ್ಡಿ ಕಿತ್ತು, ಇಸ್ಕೂಲ್ ಮಕ್ಳ ರಬ್ಬರಲ್ಲಿ ಉಜ್ಜಿ ಹಾಕ್ದೆ. ಆರ್ತು. ಹೊಸೂರಿಗೆ ಹೋಗಿ ಪವರ್ ಡಬ್ಬಾನೇ ಹೊಸ್ದು ತಂದು ಹಾಕ್ದೆ. ಅದ್ಕೂ ಆರ್ತು. ಆದ್ರೆ ನನ್ ಮನ್ಸಿಗೆ ಕೊರೀತಿದ್ದಿದ್ದು ಅದಲ್ಲ... ಆರಿದ್ಮೇಲೆ ಗುಂಡಿ ಒತ್ತಿದ್ರೆ ಹತ್ತಬೇಕು ತಾನೇ? ಹತ್ತಲ್ಲ. ಎಷ್ಟು ಒತ್ತಿದ್ರೂ ಹತ್ತಲ್ಲ. ಕಾಯ್ಬೇಕು. ಕಾದ್ರೆ, ಯಾರೂ ಮುಟ್ದೇನೇ ತಾನಾಗಿ ಹತ್ತತೈತೆ. ಎಷ್ಟೊತ್ತಿಗೆ? ವಾಚ್ ನೋಡ್ದೆ. ಹದಿನೇಳು ನಿಮಿಷ. ಇನ್ನೊಂದ್ಸಲ ನೋಡ್ದೆ. ಹದಿನೇಳು. ಹದಿನಾರಲ್ಲ, ಹದಿನೆಂಟಲ್ಲ."

"ನಮ್ ಟೀ ಬ್ರೇಕ್ ಥರ," ಎಂದ ಚಿರಂಜೀವಿ.

"ಬಾಯ್ಮುಚ್ಚೋ ಅಣ್ಣ, ಕೇಳೋಣ," ಎಂದಳು ಹರ್ಷಿತಾ.

"ಸರಿ, ಇದು ಡಬ್ಬದ ರೋಗಾನೋ ಮನೆ ರೋಗಾನೋ ನೋಡೋಣ ಅಂತ ಕಂಪ್ಯೂಟರ್ನ ಎತ್ಕಂಡ್ ಬಂದು ಇಲ್ಲಿ, ನಮ್ಮನೇಲಿ ಹಾಕ್ದೆ. ನಾಲ್ಕು ದಿನ, ಹಗ್ಲೂ ರಾತ್ರಿ, ಆರಲಿಲ್ಲ. ಸಂತೋಷ ಆಯ್ತು. ಯಾಕಂದ್ರೆ ಗೊತ್ತಾಯ್ತಲ್ಲ, ತಪ್ಪು ಅವ್ರ ಮನೆ ವೈರಿಂಗಲ್ಲಿ ಐತೆ ಅಂತ. ವಾಪಸ್ ತಗಂಡೋಗಿ ಇಟ್ಟು, ಸಾಕೆಟ್ ಬದ್ಲಾಯ್ಸಿ, ಮೀಟರ್ ಹಿಡ್ಕಂಡು ಕೂತ್ಕಂಡೆ. ಬೆಳಗ್ಗೆ ಹತ್ತೂವರೆ, ಒಳ್ಳೆ ಬಿಸ್ಲು. ಆರ್ತು. ಹದಿನೇಳ್ನೇ ನಿಮಿಷಕ್ಕೆ, ಅರ್ತ್ ವೈರಲ್ಲಿ, ಸೊನ್ನೆ ಇರ್ಬೇಕಾದ ಕಡೆ, ಮೀಟರ್ ಮುಳ್ಳು ಇನ್ನೂರ ಮೂವತ್ತಕ್ಕೆ ಹಾರಿ... ಒಂದು ಉಸ್ರು ನಿಂತು... ಬಿತ್ತು. ಕಂಪ್ಯೂಟರ್ ಹತ್ತಿಕಂತು.

"ಅರ್ತ್ ವೈರು ಎಲ್ಲಿಗೋಯ್ತದೆ? ನನ್ನ ಕೇಳ್ರಿ, ಕಟ್ಟಿದ್ದೇ ನಾನು. ಗುಂಡಿ ತೋಡಿ, ಉಪ್ಪು ಇದ್ದಿಲು ಸುರ್ದು ಮಾಡೋ ಕೆಲ್ಸ. ನಮ್ ಕಡೆ ಯಾರ್ ಮಾಡ್ತಾರೆ? ಕೆಟ್ಟೋಗಿರೋ ಬೋರಿನ ಕಬ್ಬಿಣದ ಪೈಪಿಗೆ ವೈರ್ ಸುತ್ತಿ, ಆಯ್ತು ಹೋಗು ಅಂತೀವಿ. ನಾನೂ ಅಂಗೇ ಮಾಡಿದ್ದೆ. ಮನೆ ಹಿಂದೆ ಇರೋ ಹಳೇ ಬೋರು. ಮೋಟ್ರು ಎತ್ತಿ ಹನ್ನೊಂದು ವರ್ಷ ಆಯ್ತು. ಲೈನ್ ಕಡ್ದು ಹನ್ನೊಂದು ವರ್ಷ ಆಯ್ತು. ಅಲ್ಲಿಗೆ ಕರೆಂಟು ಎಲ್ಲಿಂದ ಬತ್ತದೆ?"

ಇಲ್ಲಿ ತಾತನ ದನಿ ಇಳಿಯಿತು. ಕಂಬದ ಕಡೆ ಒಮ್ಮೆ ನೋಡಿದ ಎಂದುಕೊಂಡೆ. ಕತ್ತಲಿತ್ತು. ನೋಡದೆಯೂ ಇರಬಹುದು.

"ವೆಂಕಟಸ್ವಾಮಿ ಹೋಗಿದ್ದು ಆ ಬೋರಿನ್ ತಾವೇ. ಅಣ್ಣ ಅಣ್ಣ ಅಂತಿದ್ದ ನನ್ನ. ನಿಮ್ಗೆ ಗೊತ್ತಲ್ಲ, ಲೈನ್‌ಮ್ಯಾನ್‌ಗೆ ಹೇಳಿ ಕಾಯೋ ತಾಳ್ಮೆ ನಮ್ ಜನಕ್ಕಿಲ್ಲ. ಮೋಟ್ರು ಓಡೋ ತ್ರೀಫೇಸ್ ಕರೆಂಟು ಇರೋದು ದಿನಕ್ಕೆ ಮೂರು ಗಂಟೆ. ನಾವೇ ಫ್ಯೂಜ್ ಕೀಳ್ತೀವಿ, ನಾವೇ ಹಾಕ್ತೀವಿ. ಕಿತ್ತೋನು ತನ್ ಟವಲ್ನ ಫ್ಯೂಜ್ ಪೆಟ್ಟಿಗೆ ಮೇಲೆ ಹಾಕಿ ಹೋಗ್ಬೇಕು. ಟವಲ್ ಇದ್ರೆ ಲೈನ್ ಮೇಲೆ ಆಳು ಅವ್ನೆ ಅಂತ. ಎಂಥಾ ಜಗಳಗಂಟನಾದ್ರೂ ಮುಟ್ಟಲ್ಲ. ಅವತ್ತು ಗಾಳಿ. ಟವಲ್ ಹಾರಿ ಬದಿನಲ್ಲಿ ಬಿದ್ದೋಗಿತ್ತು. ಕಾವಲಿಗಿದ್ದೋಳು ರಾಗಿ ಎತ್ತಕ್ಕೆ ಹೋಗಿದ್ಳು. ಬಂದೋನಿಗೆ ಏನ್ ಕಾಣ್ತದೆ? ಖಾಲಿ ಪೆಟ್ಟಿಗೆ. ಯಾರೋ ಕಿತ್ತು ಮರ್ತವ್ರೆ ಅಂದ್ಕತಾನೆ. ಅವನ ಹೊಲ್ದಲ್ಲೂ ಕೋಸು ಒಣಗ್ತಿರ್ತದೆ. ಹಾಕ್ದ. ಹಾಕ್ದೋನು ಬೇಕಂತ ಹಾಕಲಿಲ್ಲ... ಅದು ಬ್ಯಾರೆ ಮಾತು."

ಹೆಂಚಿನಿಂದ ನೀರು ಒಂದೇ ಸಮನೆ ಇಳಿಯುತ್ತಿತ್ತು.

"ಅರ್ತ್ ವೈರ್ ಕತ್ತರಿಸಿ ಹಾಕ್ದೆ. ಆಮೇಲೂ ಆರ್ತು. ಗೋಡೆಯಿಂದ ಪ್ಲಗ್ಗೇ ಕಿತ್ತು, ಬರೀ ಯು.ಪಿ.ಎಸ್. ಬ್ಯಾಟ್ರಿ ಮೇಲೆ ಓಡ್ಸಿದೆ. ಆಮೇಲೂ ಆರ್ತು. ನಂಗೆ ಗೊತ್ತಿರೋ ವಿದ್ಯೆ ಅಲ್ಲಿಗೆ ಮುಗೀತು. ನೀವು ಕೇಳ್ಬೋದು, ಆರೋದ್ರಲ್ಲಿ ಏನ್ ಮಹಾ ಹೆದ್ರಿಕೆ ಅಂತ. ಆರೋದಕ್ಕೆ ನಾನ್ ಹೆದ್ರಲಿಲ್ಲ ಕಣ್ರೋ. ಎಲ್ಲಾನೂ ಒಂದಿನ ಆರ್ತದೆ. ವಾಪಸ್ ಹತ್ತತೈತಲ್ಲ, ಅದಕ್ಕೆ ಹೆದ್ರಿದೆ. ಕಿತ್ತ ಕರೆಂಟು ತಾನಾಗಿ ಯಾವತ್ತೂ ವಾಪಸ್ ಬರಲ್ಲ. ಯಾರೋ ಹಾಕ್ಬೇಕು.

"ಒಂದಿನ ಪವಿತ್ರ ಅಂಗಡಿಗೆ ಹೋಗಿದ್ಳು. ಮನೇಲಿ ನಾನೊಬ್ನೇ. ಆರ್ತು. ಈ ಸಲ ಏನಾದ್ರಾಗ್ಲಿ, ಹದಿನೇಳು ನಿಮಿಷಾನೂ ಕಣ್ಣು ಕೀಳ್ದೇ ನೋಡ್ತೀನಿ ಅಂತ ಎದ್ರಿಗೇ ಕೂತ್ಕಂಡೆ. ಆರಿದ ಪರದೆ ಕನ್ನಡಿ ಇದ್ದಂಗೆ ಇರ್ತದಲ್ಲ, ಕಪ್ಪು ಕನ್ನಡಿ. ನನ್ ಮುಖ ಕಾಣ್ತಿತ್ತು. ಹಿಂದೆ ಬಾಗ್ಲು ಕಾಣ್ತಿತ್ತು. ಐದಾಯ್ತು, ಹತ್ತಾಯ್ತು... ಬಾಗ್ಲು ಕಾಣ್ದಂಗಾಯ್ತು. ಯಾಕೆ ಕಾಣಲ್ಲ ಅಂತ ನೋಡಿದ್ರೆ, ಅಡ್ಡ ಯಾರೋ ನಿಂತವ್ರೆ. ಹೆಗಲ ಮೇಲೆ ಟವಲ್ ಇಲ್ಲ. ಅವನನ್ನ ಟವಲ್ ಇಲ್ದಂಗೆ ನಾನು ಒಂದಿನಾನೂ ನೋಡಿದ್ದಿಲ್ಲ. ಮುಖ ಕಾಣಲಿಲ್ಲ. ಕೈ ಮಾತ್ರ ಮುಂದಕ್ಕೆ ಚಾಚಿದ್ದ, ನಾನು ಅವನಿಗೆ ಏನೋ ಕೊಡ್ಬೇಕಾಗಿರೋ ಹಂಗೆ. ತಿರುಗಿ ನೋಡಕ್ಕೆ ಕತ್ತು ಬರಲಿಲ್ಲ. ಅವನು ಬಾಯಿ ಬಿಟ್ಟು ಕೇಳಿದ್ರೆ ನಾನು ಹೇಳ್ಬುಡ್ತಿದ್ನೇನೋ... ಕೇಳಲಿಲ್ಲ. ಹಂಗೇ ನಿಂತಿದ್ದ. ಹದಿನೇಳಕ್ಕೆ ಪರದೆ ಹತ್ತಿಕಂತು, ಬೆಳಕಲ್ಲಿ ಎಲ್ಲ ಹೋಯ್ತು."

"ಹದಿನೇಳೇ ಯಾಕೆ ತಾತ?" ಹರ್ಷಿತಾ ಪಿಸುಗುಟ್ಟಿದಳು.

"ಅವತ್ತೂ ಅಷ್ಟೇ ಕಣಮ್ಮ. ಮೋಟ್ರು ನಿಂತಾಗ ಹನ್ನೊಂದೂ ಮೂರು. ಫ್ಯೂಜ್ ಹಾಕ್ದಾಗ ಹನ್ನೊಂದೂ ಇಪ್ಪತ್ತು."

ಅಭ್ಯಾಸಬಲದಿಂದ ಬಂದ ಮಾತು ಅದು. ಕಾರ್ಖಾನೆಯ ಮನುಷ್ಯ, ಏನು ನಿಂತರೂ, ಏನು ಓಡಿದರೂ ಮೊದಲು ಗಡಿಯಾರ ನೋಡುವವನು. ಹೇಳಿದ ಮೇಲೆ ತಾತನ ಬಾಯಿ ಸ್ವಲ್ಪ ತೆರೆದೇ ಉಳಿಯಿತು.

ಕಂಬದ ಮರೆಯಿಂದ ಅಂಜಿನಮ್ಮ ಮುಂದಕ್ಕೆ ಸರಿದಳು. ಸೆರಗು ಹೊದ್ದು, ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ.

"ಬಾವ, ಫ್ಯೂಜ್ ಹಾಕ್ದಾಗ ಎಷ್ಟು ಗಂಟೆ ಅಂತ ನಿಂಗೆಂಗೆ ಗೊತ್ತು?"

"ಅದು... ಜನ ಅಂತಿದ್ರು ಕಣಮ್ಮ."

"ಯಾವ ಜನ?"

ಚಿರಂಜೀವಿ ನೆಲ ನೋಡುತ್ತಿದ್ದ. ನಾನು ಒಂದು ಮಾತು ಆಡಬಹುದಿತ್ತು.

"ಹೇಳು ಬಾವ. ನಾನೇನೂ ಅನ್ನಲ್ಲ. ನಾನಲ್ಲ ಅಂತ ಗೊತ್ತಾದ್ರೆ ಸಾಕು."

ತಾತ ಅವಳ ಕಡೆ ತಿರುಗಲಿಲ್ಲ. ನಮ್ಮ ಮೂವರನ್ನೂ ನೋಡುತ್ತಾ, ಕತೆ ಹೇಳುವ ಅದೇ ದನಿಯನ್ನು ಎಲ್ಲಿಂದಲೋ ಎಳೆದು ತಂದ.

"ನಿಂತೋಯ್ತು ಅಂದ್ಕಂಡ್ರಾ? ಇವತ್ತು ಮಧ್ಯಾಹ್ನನೂ ಆರೈತೆ. ಕೇಳ್ಕಳಿ ಬೇಕಾದ್ರೆ ಪವಿತ್ರನ್ನ. ಆರಿದ ತಕ್ಷಣ ಅವಳು ಎದ್ದೋಗಿ ಒಲೆ ಮುಂದೆ ಕೂತ್ಕತಾಳೆ, ಹತ್ತೋಗಂಟ ಆ ಕೋಣೆಗೆ ಬರಲ್ಲ. ನೀವ್ ಹೋಗಿ ಕೂತ್ಕಳಿ, ಏನೂ ಆಗಲ್ಲ. ಕುಮಾರೇಶ ಕೂತವ್ನೆ, ಏನೂ ಕಾಣ್ಲಿಲ್ಲ ಅಂದ. ನಿಮ್ ಯಾರ್ ಹಿಂದೇನೂ ಅವನು ಬಂದು ನಿಂತ್ಕಳಲ್ಲ... ನಾನ್ ಕೂತ್ರೆ ಮಾತ್ರ. ಮೊದ್ಲು ಬಾಗ್ಲಲ್ಲಿ ನಿಲ್ತಿದ್ದ. ಈಗ ಕುರ್ಚಿಗೆ ಕೈ ಹಾಕ್ತಾನೆ."

ಅಂಜಿನಮ್ಮ ಕಾಯುತ್ತಲೇ ಕೂತಿದ್ದಳು. ಮಳೆ ತೆಳುವಾಗಿ, ಆನೆಗಳು ಕೆರೆಯಾಚೆ ದಾಟಿದವೆಂದು ಚಿರಂಜೀವಿಯ ಫೋನು ಸದ್ದು ಮಾಡುವವರೆಗೂ ಕೂತಿದ್ದಳು.

ಹನ್ನೊಂದು ವರ್ಷದ ಹಿಂದೆ ಆ ಫ್ಯೂಜು ಹಾಕಿದವನು ತಾನೇ ಎಂದು ತಾತ ಅವಳಿಗೆ ಹೇಳಲಿಲ್ಲ.