ಇನ್ನಾಸಪ್ಪನ ಎಚ್ಚರದ ಕೋಲು

ಕೇಳೋರಿದ್ದರು, ಹೇಳೋರಿದ್ದರು, ಹೆಸರು ಮಾತ್ರ ಯಾರಿಗೂ ನೆನಪಿಲ್ಲದ ಒಂದು ಸೀಮೆಯಿತ್ತು. ಆ ಸೀಮೆಯಲ್ಲೊಂದು ಊರು. ಊರಲ್ಲೊಂದು ಚರ್ಚು. ಚರ್ಚಿನಲ್ಲೊಂದು ಕೋಲು.

ಚರ್ಚಿನಲ್ಲಿ ಕೋಲು ಯಾಕೆ ಅಂತೀರಾ? ಹೇಳ್ತೀನಿ ಕೇಳಿ. ಆ ಊರಿನ ಕ್ರೈಸ್ತರು ವಾರವೆಲ್ಲ ಮೈ ಮುರಿದು ದುಡಿಯೋರು. ಭಾನುವಾರ ಪೂಜೆಗೆ ಬಂದು ಕೂತರೆ, ಪಾದ್ರಿ ಸ್ವಾಮಿಗಳು ಪ್ರಸಂಗಕ್ಕೆ, ಅಂದರೆ ಉಪದೇಶಕ್ಕೆ, ಬಾಯಿ ತೆಗೆದಿದ್ದೇ ತಡ, ಇವರು ತೂಕಡಿಸೋಕೆ ಶುರು. ಎಚ್ಚರವಾಗಿದ್ದು ಪ್ರಾರ್ಥಿಸಿ ಅಂತ ಪ್ರಭು ಹೇಳಿದ್ದಾನಲ್ಲ, ಹೀಗಾದರೆ ಹೇಗೆ? ಊರ ಹಿರಿಯರು ಕೂತು ಯೋಚನೆ ಮಾಡಿದರು. ಒಂದು ವಾರ ಮಾಡಿದರು, ಎರಡು ವಾರ ಮಾಡಿದರು, ಮೂರು ವಾರ ಮಾಡಿದರು. ಕೊನೆಗೆ ಆ ದೊಡ್ಡ ತಲೆಗಳಿಗೆ ಹೊಳೆದದ್ದೇನು? ಒಂದು ಬಿದಿರು ಕೋಲು! ತುದಿಗೆ ಬಟ್ಟೆ ಸುತ್ತಬೇಕು, ಒಬ್ಬ ಅದನ್ನು ಹಿಡಿದು ಓಡಾಡಬೇಕು, ತೂಕಡಿಸೋರ ಹೆಗಲಿಗೆ ಮೆಲ್ಲಗೆ ಮುಟ್ಟಿಸಬೇಕು. ಪ್ರಭುವಿನ ಮಾತನ್ನು ಬಿದಿರಿಗೆ ಒಪ್ಪಿಸಿ ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋದರು. ಎಂಥಾ ಬುದ್ಧಿವಂತರು ನೋಡಿ!

ಕೈಯಿಂದ ಕೈಗೆ ದಾಟುತ್ತಾ ಆ ಕೋಲು ಇನ್ನಾಸಪ್ಪನ ಕೈಗೆ ಬಂತು. ಅಯ್ಯಪ್ಪಾ, ಅವನ ಜಂಭ ಏನು ಹೇಳಲಿ! ಮೊದಲ ದಿನವೇ ತುದಿಯ ಬಟ್ಟೆ ಕಿತ್ತೆಸೆದ. "ಮೆತ್ತಗೆ ಮುಟ್ಟಿದರೆ ಯಾರಿಗೆ ಬುದ್ಧಿ ಬರುತ್ತೆ?" ಅಂದ. ಪ್ರಸಂಗ ಶುರುವಾದರೆ ಸಾಕು, ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯೋನು. ಯಾರ ರೆಪ್ಪೆ ಭಾರ ಆಯ್ತು? ಯಾರ ಗಲ್ಲ ಎದೆಗೆ ತಾಗ್ತು? ಯಾರ ಬಾಯಿ ತೆರೀತು? ಟಪ್! ಆಮೇಲೆ ಮೀಸೆ ತಿರುವೋನು. ಹದಿನಾಲ್ಕು ವರ್ಷ ಕೋಲು ಹಿಡಿದ. ಅಷ್ಟೂ ವರ್ಷದಲ್ಲಿ ಒಂದೇ ಒಂದು ಪ್ರಸಂಗ ಅವನ ಕಿವಿಗೆ ಬಿದ್ದಿದ್ದರೆ ನನ್ನನ್ನು ಕೇಳಿ.

ಈ ಮಹಾನುಭಾವನಿಗೆ ಒಬ್ಬ ತಮ್ಮ, ಚಿನ್ನಪ್ಪ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ಆದರೆ ಒಂಬತ್ತು ವರ್ಷದಿಂದ ಮಾತಿಲ್ಲ. ಯಾಕೆ ಗೊತ್ತಾ? ತಾಯಿ ತೀರಿಕೊಂಡಾಗ ಚಿನ್ನಪ್ಪ ಎರಡು ದಿನದ ದಾರಿಯಾಚೆ ಕೂಲಿಗೆ ಹೋಗಿದ್ದ. ಸುದ್ದಿ ಕೇಳಿ ಓಡೋಡಿ ಬಂದ. ಅಷ್ಟರೊಳಗೆ ಇನ್ನಾಸಪ್ಪ ಕಾಯದೆ ಮಣ್ಣು ಮಾಡೇಬಿಟ್ಟಿದ್ದ. ತಮ್ಮ ಗೋರಿಯ ಮೇಲೆ ಬಿದ್ದು, "ಅಣ್ಣಾ, ಅಮ್ಮನ ಮುಖ ಒಂದು ಸಲ ನೋಡೋಕೆ ಬಿಡಲಿಲ್ಲವಲ್ಲೋ" ಅಂತ ಗೋಳಾಡಿದ. ಆ ಹೊತ್ತಲ್ಲಿ ಎತ್ತಿ ತಬ್ಬಿಕೊಳ್ಳೋದು ಬಿಟ್ಟು, ಈ ಕಲ್ಲೆದೆಯೋನು "ನಿನಗೋಸ್ಕರ ಹೆಣ ಕೊಳೆಸಬೇಕಿತ್ತಾ?" ಅಂದ. ಥೂ! ಬಾಯಾ ಅದು?

ಆ ವರ್ಷ ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಚಿನ್ನಪ್ಪ ಹೆಂಡತಿ ಮಕ್ಕಳ ಜೊತೆ ಊರು ಬಿಡೋದು ಅಂತಾಯ್ತು. ಘಟ್ಟದಾಚೆ, ದೂರದ ಸೀಮೆಗೆ. ಹೋದರೆ ಮತ್ತೆ ಬರೋ ಮಾತಿಲ್ಲ. ಇನ್ನಾಸಪ್ಪನ ಹೆಂಡತಿ ಸೌರಮ್ಮ ಗಂಡನ ಮುಂದೆ ಕೂತು ಅತ್ತಳು.

"ರೀ, ಒಡಹುಟ್ಟಿದೋನು ಹೊರಟಿದ್ದಾನೆ. ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡ್ರೀ."

ಇನ್ನಾಸಪ್ಪನಿಗೂ ಒಳಗೊಳಗೆ ಸಂಕಟವೇ. ಗೋಡೆಯಾಚೆ ತಮ್ಮ ಕೆಮ್ಮಿದರೆ ಇವನಿಗೆ ತುತ್ತು ಇಳೀತಿರಲಿಲ್ಲ. ಆದರೆ ಹಮ್ಮು ಬಿಡಬೇಕಲ್ಲ!

"ನಿನ್ನ ಮಾತು ಕೇಳಿ ನಾನು ಸೋಲೋದಾ? ಸ್ವಾಮಿಗಳು ಹೇಳಲಿ, ಆ ಗಳಿಗೆಯೇ ಹೋಗ್ತೀನಿ" ಅಂದ.

ಸೌರಮ್ಮ ಓಡಿಹೋಗಿ ಸ್ವಾಮಿಗಳ ಕಿವಿಗೆ ಹಾಕಿದಳು.

ಮೊದಲನೇ ಭಾನುವಾರ ಸ್ವಾಮಿಗಳು, "ಮುನಿಸಿಕೊಂಡ ಅಣ್ಣ ಒಬ್ಬ ಇಲ್ಲಿದ್ದಾನೆ. ಕಾಣಿಕೆ ಅಲ್ಲಿಡಪ್ಪ, ಮೊದಲು ತಮ್ಮನ ಹತ್ತಿರ ಹೋಗು" ಅಂದರು. ಇನ್ನಾಸಪ್ಪ ಎಲ್ಲಿದ್ದ? ಹಿಂದಿನ ಸಾಲಲ್ಲಿ ಒಬ್ಬ ಮುದುಕನ ಗೊರಕೆಯ ಬೆನ್ನು ಹತ್ತಿದ್ದ.

ಮನೆಗೆ ಬಂದ ಮೇಲೆ ಸೌರಮ್ಮ ಕೇಳಿದಳು, "ಸ್ವಾಮಿಗಳು ಏನಂದರು?"

"ಹನ್ನೊಂದು ಜನ ತೂಕಡಿಸಿದರು ಕಣೇ. ಒಬ್ಬರನ್ನೂ ಬಿಡಲಿಲ್ಲ!"

ಎರಡನೇ ಭಾನುವಾರ ಸ್ವಾಮಿಗಳು ಇನ್ನೂ ಬಿಚ್ಚಿ ಹೇಳಿದರು, "ಒಂದೇ ತಾಯಿಯ ಹೊಟ್ಟೇಲಿ ಹುಟ್ಟಿದೋರು, ಒಂದೇ ಗೋಡೆಯ ಆಚೆ ಈಚೆ ಇರೋರು." ಇನ್ನಾಸಪ್ಪ ಎಲ್ಲಿದ್ದ? ಕಂಬದ ಮರೆಯಲ್ಲಿ ನಿಂತು, ಒಬ್ಬ ಬಾಣಂತಿಯ ರೆಪ್ಪೆ ಯಾವಾಗ ಮುಚ್ಚುತ್ತೆ ಅಂತ ಕಾಯ್ತಿದ್ದ.

"ರೀ, ಅದು ನಿಮಗೇ ಹೇಳಿದ್ದು!" ಅಂತ ಸೌರಮ್ಮ ಹಣೆ ಚಚ್ಚಿಕೊಂಡಳು.

"ಸುಳ್ಳು ಹೇಳಬೇಡ. ನಾನೂ ಅಲ್ಲೇ ಇದ್ದೆ. ಇಡೀ ಚರ್ಚಿನಲ್ಲಿ ನನ್ನಷ್ಟು ಎಚ್ಚರವಾಗಿದ್ದೋರು ಯಾರು?"

ಇದಕ್ಕೆ ಏನು ಹೇಳ್ತೀರಿ?

ಮೂರನೇ ಭಾನುವಾರ ಬಂತು. ಚಿನ್ನಪ್ಪನ ಗಾಡಿ ಸಾಮಾನು ತುಂಬಿಕೊಂಡು ಚರ್ಚಿನ ಬಾಗಿಲಲ್ಲೇ ನಿಂತಿತ್ತು. ಚಿನ್ನಪ್ಪ ಕಂಬಳಿ ಹೊದ್ದು, ಮುಂದಿನ ಸಾಲಲ್ಲಿ ಮೊಣಕಾಲೂರಿ, ತಲೆ ಬಾಗಿಸಿ, ಕಣ್ಣು ಮುಚ್ಚಿದ. ಸ್ವಾಮಿಗಳು ಪೀಠ ಬಿಟ್ಟು ಕೆಳಗಿಳಿದು ಬಂದರು.

"ತಮ್ಮ ಇಲ್ಲೇ ಮಂಡಿಯೂರಿದ್ದಾನೆ. ಪೂಜೆ ಮುಗಿದರೆ ಹೊರಟುಹೋಗ್ತಾನೆ. ಇನ್ನಾಸಪ್ಪ, ಬಾರಪ್ಪ, ಅವನ ಕೈ ಹಿಡಿ."

ಹೆಸರು ಹಿಡಿದು ಕರೆದರು! ಅವತ್ತು ಆ ಚರ್ಚಿನಲ್ಲಿ ಯಾರಿಗೆ ನಿದ್ದೆ ಬರುತ್ತೆ? ಮುದುಕ ಎದ್ದು ಕೂತ. ಬಾಣಂತಿ ಕತ್ತೆತ್ತಿ ನೋಡಿದಳು. ತೊಟ್ಟಿಲ ಕೂಸೂ ಕಣ್ಣು ಬಿಟ್ಟಿತ್ತು. ಇನ್ನಾಸಪ್ಪನಿಗೆ ಒಳ್ಳೇ ಪೇಚಾಟ. ಯಾವ ಕಡೆ ನೋಡಿದರೂ ಎಲ್ಲರೂ ಎಚ್ಚರ! ಹೀಗಾದರೆ ತನ್ನ ಕೆಲಸ ಏನು? ಹುಡುಕಿದ, ಹುಡುಕಿದ, ಹುಡುಕಿದ. ಕೊನೆಗೆ ಸಿಕ್ಕ, ಮುಂದಿನ ಸಾಲಲ್ಲಿ ಕಂಬಳಿ ಹೊದ್ದೋನು ಒಬ್ಬ. ತಲೆ ಬಾಗಿದೆ, ಕಣ್ಣು ಮುಚ್ಚಿದೆ. ಯಾರು ಏನು ಅಂತ ನೋಡದೆ ಇನ್ನಾಸಪ್ಪ ಕೋಲು ಹಿಡಿದು ಹೊರಟ.

ಜನ ಏನೆಂದುಕೊಂಡರು? ಬಂದ, ಬಂದ, ಅಂತೂ ದೇವರು ಬುದ್ಧಿ ಕೊಟ್ಟ! ಮುದುಕಿಯರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸೌರಮ್ಮ ಕೈಮುಗಿದಳು. ಅಣ್ಣನ ಹೆಜ್ಜೆ ಸದ್ದು ಚಿನ್ನಪ್ಪನಿಗೆ ಗೊತ್ತಿಲ್ಲವಾ? ಕಣ್ಣು ಮುಚ್ಚಿದ್ದಂಗೇ ನಕ್ಕ. ಮೆಲ್ಲಗೆ ಕೈ ಚಾಚಿದ.

ಟಪ್!

"ಏಳೋ ಮೇಲೆ! ಸ್ವಾಮಿಗಳು ಪ್ರಸಂಗ ಮಾಡ್ತಿದ್ದರೆ ನಿದ್ದೆ ಹೊಡೀತೀಯಾ?"

ಚಿನ್ನಪ್ಪ ತಿರುಗಿ ನೋಡಿದ. ಹಣೆಯಲ್ಲಿ ರಕ್ತ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗಿ ಗಾಡಿ ಹತ್ತಿದ.

ಇನ್ನಾಸಪ್ಪ ಇಂಗು ತಿಂದ ಮಂಗನ ಹಾಗೆ ನಿಂತ. "ಯಾಕೆ ಎಲ್ಲರೂ ನನ್ನನ್ನೇ ನೋಡ್ತೀರಿ? ಏನಾಯ್ತು?" ಅಂತ ಕೇಳಿದ. ಸೌರಮ್ಮ ಬಂದು ಹೇಳಿದಳು, ಮೂರು ವಾರದ್ದೂ ಹೇಳಿದಳು. ಆಗ ಕೋಲು ಬಿಸಾಕಿ ಓಡಿದ. ಕೆರೆ ಏರಿಯವರೆಗೆ ಓಡಿದ, "ಚಿನ್ನಪ್ಪಾ! ತಪ್ಪಾಯ್ತೋ!" ಅಂತ ಎದೆ ಹರಿಯೋ ಹಾಗೆ ಕೂಗಿದ. ಗಾಡಿ ದಿಬ್ಬ ಇಳಿದು ಹೋಗಿತ್ತು.

ಮುಂದಿನ ಭಾನುವಾರ ಇನ್ನಾಸಪ್ಪ ಮುಂದಿನ ಸಾಲಲ್ಲಿ ಕೂತು, ಹದಿನಾಲ್ಕು ವರ್ಷದಲ್ಲಿ ಮೊದಲನೇ ಸಲ ಪ್ರಸಂಗ ಕೇಳಿದ. ಮುಗಿದ ಮೇಲೆ ಸ್ವಾಮಿಗಳ ಕಾಲು ಹಿಡಿದು, "ಸ್ವಾಮಿ, ಅವತ್ತು ನನ್ನನ್ನು ಕರೆದಿರಲ್ಲ, ಇನ್ನೊಂದು ಸಲ ಕರೀರಿ" ಅಂತ ಬೇಡಿಕೊಂಡ.

"ಕರೀತೀನಪ್ಪ," ಅಂದರು ಸ್ವಾಮಿಗಳು. "ಯಾರ ಕೈ ಹಿಡಿಯೋಕೆ ಕರೀಲಿ?"

ಅವನು ಅಲ್ಲಿ ಅಳ್ತಿದ್ದರೆ, ಊರಿನ ಗಂಡಸರು ಬಾಗಿಲಲ್ಲಿ ಕಿತ್ತಾಡ್ತಿದ್ದರು. ಯಾಕೆ ಅಂತೀರಾ? ಆ ಕೋಲು ಇನ್ನು ಮೇಲೆ ಯಾರ ಕೈಗೆ ಅಂತ!

ಇಲ್ಲಿಗೆ ಕಥೆ ಕೈಬಿಟ್ಟೆ, ನನ್ನ ಬಾಯಿ ಮುಚ್ಚಿದೆ. ಅಲ್ಲಾ, ಈ ಕಥೆ ಯಾರಿಗೆ ಹೇಳಿದ್ದು ಅಂತ ಪಕ್ಕದೋರ ಮುಖ ಯಾಕೆ ನೋಡ್ತಿದ್ದೀರಿ?