ಇಪ್ಪತ್ತೊಂದು ಮಣೆಯ ಅಳಿಯ

ನೋಡಿ, ಒಂದೂರಲ್ಲೊಬ್ಬ ಶ್ರೀಮಂತ. ಎಂಥ ಶ್ರೀಮಂತ? ಅವನ ಮನೆಯ ಬೆಕ್ಕಿಗೆ ಅಂತಲೇ ಬೇರೆ ಎಮ್ಮೆ ಕಟ್ಟಿದ್ದರು. ನಾನು ಒಂದಕ್ಕೆ ಎರಡು ಸೇರಿಸುವವನಲ್ಲ, ನಿಮಗೇ ಗೊತ್ತು.

ಒಮ್ಮೆ ಬೆಲ್ಲದ ಮೂಟೆ ಎತ್ತುವಾಗ ಅವನ ಸೊಂಟ ಹಿಡಿಯಿತು. ಒಳಗಿನ ಪೆಟ್ಟು ಮೂರು ತಿಂಗಳಲ್ಲಿ ವಾಸಿಯೂ ಆಯಿತು. ನಲವತ್ತು ವೈದ್ಯರು ಒತ್ತಿ ನೋಡಿ, "ಬೆನ್ನು ಗಟ್ಟಿಯಾಗಿದೆ" ಅಂದರು. ನೋವು ಹೋಯಿತೇ? ಇಲ್ಲ. ಏಳು ವರ್ಷ ಅವನು ಬಗ್ಗಲಿಲ್ಲ.

ಅಷ್ಟರಲ್ಲಿ ಮಗಳ ಮದುವೆ ಬಂತು. ವರನ ಪಾದ ತೊಳೆಯಬೇಕಾದವನು ಯಾರು? ಹೆಣ್ಣಿನ ತಂದೆ.

"ರೀ, ನಿಮ್ಮ ತಮ್ಮ ತೊಳೀಲಿ ಬಿಡಿ" ಅಂದಳು ಹೆಂಡತಿ.

"ಇರೋಳು ಒಬ್ಬಳೇ ಮಗಳು ಕಣೇ! ಅವಳ ಧಾರೆಯನ್ನ ನಾನು ನೆಂಟನ ಹಾಗೆ ನಿಂತು ನೋಡಲಾ?"

ಬಡಗಿಯನ್ನು ಕರೆಸಿದ. ಇಪ್ಪತ್ತೊಂದು ಮಣೆ ಮಾಡಿಸಿ ಒಂದರ ಮೇಲೊಂದು ಪೇರಿಸಿದ. ತಾನು ಬಗ್ಗುವ ಬದಲು ಅಳಿಯನನ್ನೇ ಏರಿಸುವುದು!

ಹಸುಗೂಸಾಗಿದ್ದಾಗ ಅವನಿಗೆ ಎಣ್ಣೆ ತಿಕ್ಕಿ ಎರೆದ ಅಜ್ಜಿ ಬಂದು ನೋಡಿದಳು. "ಅಳಿಯ ಮದುವೆಗೆ ಬರ್ತಾನೋ, ತೆಂಗಿನಕಾಯಿ ಕೀಳೋಕೋ?" ಅಂದಳು. ಆಮೇಲೆ ನೆಲದ ಮೇಲಿನ ಚೊಂಬು ತೋರಿಸಿ, "ಅದನ್ನೆತ್ತು."

"ಅಯ್ಯೋ!"

"ಇನ್ನೂ ಬಗ್ಗೇ ಇಲ್ವಲ್ಲೋ! ನೋವು ಸುಳ್ಳಲ್ಲ ಮಗಾ. ಆದರೆ ನಿನ್ನ ತಲೆಯೊಳಗೊಬ್ಬ ಕಾವಲುಗಾರ ಇದಾನೆ. ಒಂದು ಸಲ ಕಳ್ಳನ್ನ ಕಂಡವನು, ಈಗ ಬೆಕ್ಕು ಬಂದರೂ ಊರೆಲ್ಲ ಎಬ್ಬಿಸ್ತಾನೆ. ಕಳ್ಳ ಹೋದ ಅಂತ ಅವನಿಗೆ ಬಗ್ಗಿ ಬಗ್ಗಿ ತೋರಿಸು. ದಿನಕ್ಕೊಂದು ಮಣೆ ತೆಗಿ."

ಮದುವೆಗೆ ಒಂದು ತಿಂಗಳಿತ್ತು. ಅಳಿಯನ ಜಾಗದಲ್ಲಿ ಕೂತವನು ಭಾವಮೈದುನ. ಶ್ರೀಮಂತ ದಿನಾ ಅವನ ಕಾಲು ತೊಳೆದ. "ಭಾವ, ಹಿಮ್ಮಡಿ ಇನ್ನೊಂಚೂರು ತಿಕ್ಕಿ" ಅಂತಿದ್ದ ಅವನು. ಹತ್ತು ಮಣೆ ಉಳಿದಾಗ ನೋವು ಗದರಿತು. ನಾಲ್ಕು ದಿನ ಹತ್ತರಲ್ಲೇ ನಿಂತ, ವಾಪಸ್ ಹನ್ನೊಂದಕ್ಕೆ ಹೋಗಲಿಲ್ಲ. ಕೇಳಿಸಿತೇ? ಹನ್ನೊಂದಕ್ಕೆ ಹೋಗಲಿಲ್ಲ.

ಧಾರೆಯ ದಿನ ಉಳಿದದ್ದು ಒಂದೇ ಮಣೆ. ಬಗ್ಗಿದ. ಸೊಂಟ ಚುಳುಕ್ ಅಂತು. "ಬೆಕ್ಕು ಕಣೋ, ಸುಮ್ಮನಿರು" ಅಂದ.

"ಯಾರಿಗೆ ಮಾವ?" ಅಂತ ಅಳಿಯ ಗಾಬರಿಯಾದ. ಮಾವ ಎರಡೂ ಪಾದ ತೊಳೆದು, ತಾನೇ ಎದ್ದು, ಮಗಳ ಕೈ ಹಿಡಿದ.

ಈಗ ಅಲ್ಲಿ ಕಂಬಕ್ಕೆ ಒರಗಿದ್ದೀರಲ್ಲ, ನಿಮಗೇ ಹೇಳುತ್ತಿರುವುದು. ವೈದ್ಯರು ಬೆನ್ನು ಸರಿಯಿದೆ ಅಂದ ಮೇಲೂ ಬಕೆಟ್ ಮುಟ್ಟುವ ಮೊದಲೇ "ಅಯ್ಯೋ" ಅನ್ನುವವರು ನೀವಲ್ಲವೇ? ನಾಳೆಯಿಂದ ಆ ಅಯ್ಯೋ ಬಿಡಿ. ದಿನಕ್ಕೊಂದು ಮಣೆಯಷ್ಟು ಬಗ್ಗಿ. ನೋವು ಗದರಿದರೆ ಅಲ್ಲೇ ನಿಲ್ಲಿ, ಓಡಬೇಡಿ. ನಾಳೆ ಯಾಕೆ, ಈಗಲೇ ಕಂಬ ಬಿಟ್ಟು ಒಂದು ಗೇಣು ಮುಂದೆ ಬನ್ನಿ. ಬನ್ನಿ, ಬನ್ನಿ.

ನೋಡಿ. ನೀವೂ ಬೀಳಲಿಲ್ಲ, ಕಂಬವೂ ಬೀಳಲಿಲ್ಲ.